ಜಾಲಿಯ ಕುಂದಾ, ಗೇಣುದ್ದದ ದುರ್ಬೀನು

ಶಿವಲಿಂಗವ್ವ ಕೌದಿ ಬಿಚ್ಚಿದಾಗ ಬಂದೂಕಿನ ಕುಂದಾ ಮೂರು ತುಂಡಾಗಿತ್ತು. ಭುಜಕ್ಕೆ ಆನಿಸುವ ಮರದ ಭಾಗಕ್ಕೆ ನಮ್ಮ ಕಸುಬಿನಲ್ಲಿ ಕುಂದಾ ಅನ್ನುತ್ತಾರೆ. ಎಲ್ಲಕ್ಕೂ ದೊಡ್ಡ ತುಂಡಿನ ತುದಿಗೆ ಕಬ್ಬಿಣದ ತಗಡು ಇತ್ತು. ತಗಡು ಮರಕ್ಕೆ ಕೂಡುವ ಸಂದಿಯಲ್ಲಿ ಕಪ್ಪಗೆ ಏನೋ ಒಣಗಿಕೊಂಡಿತ್ತು. ಅದರಲ್ಲಿ ಎರಡು ಕೂದಲು ಅಂಟಿಕೊಂಡಿದ್ದವು. ಪ್ರತಿ ತುಂಡಿಗೂ ಕೋರ್ಟಿನ ನಂಬರಿನ ಚೀಟಿ, ಅರಗಿನ ಮುದ್ರೆ.

"ಅವು ನಮ್ಮ ಮನಿಯವರ ಕೂದಲ," ಅಂದಳು. "ಒರಸಬ್ಯಾಡ್ರಿ. ಹಳೇ ಕಟ್ಟಿಗಿ ನನಗ ವಾಪಸ್ ಬೇಕು. ಬಂದೂಕಿಗೆ ಹೊಸಾದು ಹಾಕ್ರಿ."

ಬಾಗಲಕೋಟೆಯ ಹಳೇ ಊರಿನಲ್ಲಿ ನನ್ನದೊಂದು ಬಂದೂಕು ರಿಪೇರಿ ಅಂಗಡಿ. ನಮ್ಮ ಮನೆತನ ಬಡಿಗೇರರದು. ಅಜ್ಜ ಚಕ್ಕಡಿ ಮಾಡುತ್ತಿದ್ದ, ಅಪ್ಪ ಬಂದೂಕಿನ ಕುಂದಾ ಕೆತ್ತುವುದನ್ನು ಕಲಿತು ಸರಕಾರದ ಲೈಸೆನ್ಸ್ ತೆಗೆದುಕೊಂಡ. ನಾನು ಇಲ್ಲಿಯ ಕಾಲೇಜಿನಲ್ಲೇ ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ, ಎರಡು ವರ್ಷ ಲ್ಯಾಬಿನಲ್ಲಿ ದುಡಿದು, ಅಪ್ಪ ತೀರಿಕೊಂಡ ಮೇಲೆ ಅಂಗಡಿಗೆ ಬಂದೆ. ಕಬ್ಬಿಣದ ಕೆಲಸಕ್ಕೆ ಅಪ್ಪನ ಕಾಲದಿಂದಲೂ ಖಲೀಲ ಕಾಕಾ ಇದ್ದಾನೆ. ಮರ ಮತ್ತು ಅಳತೆ ನನ್ನವು.

ಲೈಸೆನ್ಸ್ ನೋಡಿದೆ. ಗಂಡ ಮಹಾಂತೇಶನ ಹೆಸರಿನಿಂದ ಹೆಂಡತಿಯ ಹೆಸರಿಗೆ ವರ್ಗವಾಗಿತ್ತು. ಉದ್ದೇಶ: ಬೆಳೆ ರಕ್ಷಣೆ. ಊರು ಕುಳಗೇರಿ ಕ್ರಾಸ್‌ನಿಂದ ನಾಲ್ಕು ಕಿಲೋಮೀಟರ್ ಒಳಗೆ, ಮಲಪ್ರಭೆಯ ದಂಡೆಗೆ. ಅಲ್ಲಿ ಕಬ್ಬಿಗೆ, ಗೋವಿನಜೋಳಕ್ಕೆ ಹಂದಿ ಬೀಳುವುದು ಹೊಸದಲ್ಲ. ರೈಫಲ್ ಮಹಾಂತೇಶನ ಅಪ್ಪನ ಕಾಲದ್ದು. ಕೆಳಗಿನ ಸನ್ನೆಗೋಲು ಎಳೆದರೆ ಬಾಯಿ ತೆರೆಯುತ್ತದೆ, ಒಮ್ಮೆಗೆ ಒಂದೇ ತೋಟಾ ನುಂಗುತ್ತದೆ. ಇಂಥದ್ದಕ್ಕೆ ಮರ ಎರಡು ತುಂಡು: ಹಿಂದೆ ಕುಂದಾ, ಮುಂದೆ ನಳಿಗೆಯ ಕೆಳಗೆ ಎಡಗೈ ಹಿಡಿಯುವ ಪಟ್ಟಿ. ಪಟ್ಟಿಯೂ ಸೀಳಿತ್ತು.

"ಇದೇನ ಚಕ್ಕಡಿ ಕೆಳಗ ಸಿಕ್ಕಿತ್ತೇನ ಯವ್ವಾ?" ಅಂದ ಖಲೀಲ ಕಾಕಾ, ಕೂದಲು ಕಾಣದೆ.

"ಚಕ್ಕಡಿ ಅಲ್ರಿ ಕಾಕಾ. ನಮ್ಮ ಭಾವ ಹೊಳಬಸಪ್ಪ. ಮನಿಯವರ ದೊಡ್ಡಪ್ಪನ ಮಗ."

ಆಮೇಲೆ ನಿಂತುಕೊಂಡೇ ಹೇಳಿದಳು, ಕುರ್ಚಿ ಕೊಟ್ಟರೂ ಕೂಡಲಿಲ್ಲ. ಹೊಳಬಸಪ್ಪ ಹಂದಿಗೆಂದು ತನ್ನ ಕಬ್ಬಿನ ಸುತ್ತ ತಂತಿ ಕಟ್ಟಿ ಕರೆಂಟ್ ಬಿಡುತ್ತಿದ್ದ. ತಂತಿ ಬದುವಿನ ಈಚೆಗೆ, ಇವರ ಪಾಲಿಗೆ ಬಂದಿತ್ತು. ಒಂದು ಬೆಳಿಗ್ಗೆ ಇವರ ಎತ್ತು ಅದಕ್ಕೆ ಸಿಕ್ಕಿ, ನಾಲಿಗೆ ಹೊರಗೆ ಬಿದ್ದು, ಕಾಲು ಝಾಡಿಸುತ್ತ ಸತ್ತಿತು. ಬೆಳೆ ಕಾದು ಬರುತ್ತಿದ್ದ ಮಹಾಂತೇಶ ಬಂದೂಕು ಹೆಗಲಲ್ಲಿಟ್ಟುಕೊಂಡೇ ಬದುವಿಗೆ ಹೋದ. ಮನೆಯತ್ತ ಹೊರಟಾಗ ತೋಟಾ ತೆಗೆದು ಜೇಬಿಗೆ ಹಾಕಿಕೊಳ್ಳುವುದು ಅವನ ರೂಢಿ. ಮಾತಿಗೆ ಮಾತು ಬೆಳೆಯಿತು. ಹೊಳಬಸಪ್ಪ ಖಾಲಿ ಬಂದೂಕು ಕಸಿದುಕೊಂಡ, ನಳಿಗೆ ಹಿಡಿದು ತಿರುಗಿಸಿ ಬೀಸಿದ.

"ಬದುವಿನ ಬಂಡಿಗಲ್ಲಿನ ಮ್ಯಾಲಿಂದ ಬಂದೂಕು ಸಮೇತ ಬಿದ್ದು ಸತ್ತಾನ ಅಂದ್ರು ಕೋರ್ಟಿನ್ಯಾಗ. ನೋಡಿದವ್ರು ಇಬ್ರು ಇದ್ರು, ಇಬ್ರೂ ಮಾತ ತಿರುವಿದ್ರು. ನಾ ಕಬ್ಬಿನ ಆಚಿಗಿದ್ದೆ. ಕಣ್ಣಿಂದ ನೋಡಿಲ್ಲ, ಕಿವಿಂದ ಕೇಳೇನಿ. ಕೋರ್ಟಿನ್ಯಾಗ ಕಿವಿ ನಡಿಯೂದಿಲ್ಲಂತ." ತುಂಡುಗಳನ್ನು ನನ್ನತ್ತ ಸರಿಸಿ ಕೇಳಿದಳು. "ನೀವು ಕಟ್ಟಿಗಿ ಬಲ್ಲವ್ರು. ಎಷ್ಟ ಸಲ ಹೊಡದಾನ ಅನ್ನೂದು ಇದನ್ನ ನೋಡಿದ್ರ ತಿಳೀತೈತೇನ್ರಿ?"

ತಿಳಿಯುತ್ತಿತ್ತು. ಕುಂದಾದ ಕೊರಳು, ಅಂದರೆ ಬೆರಳಿನಿಂದ ಎಳೆಯುವ ಕುದುರೆಯ ಹಿಂದಿನ ಸಣ್ಣ ಜಾಗ, ಅಡ್ಡ ಸೀಳಿತ್ತು. ಆ ಸೀಳಿನ ಆಳದವರೆಗೂ ರಕ್ತ ಇಳಿದು ಮರದ ಎಳೆಗಳು ಕಪ್ಪಾಗಿದ್ದವು. ಮೊದಲ ಹೊಡೆತಕ್ಕೆ ಅದು ಬಿರುಕುಬಿಟ್ಟಿದೆ, ರಕ್ತ ಒಳಗೆ ಹೋದದ್ದು ಆಮೇಲೆ. ಎರಡನೆಯ ಮುರಿತದ ಅಂಚಿಗಷ್ಟೇ ಕಪ್ಪು. ಮೂರನೆಯದು ಅರ್ಧಕ್ಕೇ ನಿಂತ ಮುರಿತ, ಒಳಗೆಲ್ಲ ಬೆಳ್ಳಗೆ ಸ್ವಚ್ಛ. ಬಿದ್ದ ಬಂದೂಕು ಒಮ್ಮೆ ಮುರಿಯುತ್ತದೆ, ತನ್ನ ಬಿರುಕಿನೊಳಗೆ ರಕ್ತ ತುಂಬಿಕೊಂಡು ಮತ್ತೆ ಎರಡು ಸಲ ಮುರಿಯುವುದಿಲ್ಲ. ಖಟ್ಲೆ ನಡೆದ ನಾಲ್ಕು ವರ್ಷದಲ್ಲಿ ಯಾರೂ ಒಬ್ಬ ಬಡಿಗನನ್ನು ಕರೆದು ಇದನ್ನು ತೋರಿಸಿರಲಿಲ್ಲ.

"ಹೇಳೂದು ಕಷ್ಟ ಅಕ್ಕಾರ," ಅಂದೆ. ಮುಗಿದ ಖಟ್ಲೆಯಲ್ಲಿ ಸಾಕ್ಷಿಯಾಗಿ ಅಲೆಯುವುದು ನನಗೆ ಬೇಕಿರಲಿಲ್ಲ.

ಅವಳು ನನ್ನ ಮುಖವನ್ನೇ ನೋಡಿದಳು. "ಮೂರ ಸಲ," ಅಂದಳು.

*

ಕುಂದಾ ಆರಿಸುವಾಗ ಕಾಕಾ ಮೊದಲು ದಿಲ್ಲಿಯ ಕರಿ ಪ್ಲಾಸ್ಟಿಕ್ಕಿನದು ತೋರಿಸಿದ. ಹಗುರ, ಮಳೆಗೆ ಉಬ್ಬುವುದಿಲ್ಲ. ಅವಳು ಬೆರಳ ಗಂಟಿನಿಂದ ಬಡಿದು ನೋಡಿ, "ಒಳಗ ಪೊಳ್ಳ. ನೀರಿನ ಕೊಡದಂಗ ಐತಿ," ಅಂದಳು. ಅಕ್ರೋಟದ ಮರದ್ದು ತೆಗೆದೆ, ಮುರಿದದ್ದೂ ಅದೇ ಜಾತಿ. ಅದನ್ನು ಮುಟ್ಟಲೇ ಇಲ್ಲ. ಸಾಗವಾನಿಯದು ಚೆಂದ ಇತ್ತು, ಎಣ್ಣೆ ಹಾಕಿದರೆ ಬಂಗಾರದ ಬಣ್ಣ.

"ಇದು ಹೊಡತಕ್ಕ ತಡೀತೈತೇನ್ರಿ?"

"ಹೊಡಿಯೂದು ನಳಿಗಿ, ಅಕ್ಕಾರ. ಕುಂದಾ ಅಲ್ಲ," ಅಂದ ಕಾಕಾ ನಗುತ್ತ.

ಅವಳು ನಗಲಿಲ್ಲ. "ನನ್ನ ತವರು ಇಳಕಲ್. ನಮ್ಮಪ್ಪನ ಚಕ್ಕಡಿ ಗಾಲಿ ಜಾಲೀದು. ಕಲ್ಲಿನ ಕಣಿಯಿಂದ ಬಂಡಿಗಲ್ಲು ಹೇರಿದ್ರೂ ಮೂವತ್ತ ವರ್ಷ ಸೀಳಲಿಲ್ಲ. ಜಾಲೀದು ಮಾಡ್ರಿ."

ಜಾಲಿಯ ಕುಂದಾ ಯಾರೂ ಕೇಳುವುದಿಲ್ಲ. ಭಾರ, ಉಳಿಗೆ ಬಗ್ಗುವುದಿಲ್ಲ, ಕೆತ್ತುವಷ್ಟರಲ್ಲಿ ಅಂಗೈ ಬೊಬ್ಬೆ. ಆದರೆ ಅದರ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಬಿರುಕು ಓಡಲು ದಾರಿ ಸಿಗುವುದಿಲ್ಲ. ಅವಳು ಹೇಳಿದ್ದು ಸರಿಯಿತ್ತು. ಹುನಗುಂದದ ಕಟ್ಟಿಗೆ ಅಡ್ಡೆಗೆ ನಾನೇ ಹೋಗಿ, ಆರು ವರ್ಷ ನೆರಳಲ್ಲಿ ಒಣಗಿದ ದಿಮ್ಮಿಯೊಂದನ್ನು ಹುಡುಕಿ ತಂದೆ. ಮುಂದಿನ ಪಟ್ಟಿಯನ್ನೂ ಅದರಿಂದಲೇ ಕಡಿದೆ.

ಕುಂದಾದ ಉದ್ದಕ್ಕೆ ಒಂದು ಪದ್ಧತಿ ಇದೆ. ಮೊಣಕೈ ಮಡಿಸಿ, ಅದರ ಒಳಗಿನ ಮಡಿಕೆಯಿಂದ ಕುದುರೆ ಎಳೆಯುವ ಬೆರಳಿನ ಮೊದಲ ಗಂಟಿನವರೆಗೆ ಅಳೆಯಬೇಕು. ಗಂಡನದು ಹದಿನಾಲ್ಕು ಇಂಚಿತ್ತು. ಅವಳದು ಹನ್ನೆರಡೂಕಾಲು. ಅಳತೆ, ಹೆಸರು, ತಾರೀಖು ಕಾರ್ಡಿಗೆ ಬರೆದು ಡ್ರಾವರಿನಲ್ಲಿಟ್ಟೆ.

ಗುರಿ ನೋಡಲು ಬಂದೂಕಿನ ಮೇಲೆ ಕೂಡಿಸುವ ದುರ್ಬೀನೂ ಬೇಕೆಂದಳು. ಅದನ್ನು ಆರಿಸುವ ಹೊತ್ತಿಗೆ ನನ್ನ ಸಂಶಯ ಶುರುವಾಯಿತು.

ಹಂದಿ ಬೀಳುವುದು ಕತ್ತಲಲ್ಲಿ. ಕತ್ತಲಿಗೆ ದೊಡ್ಡ ಗಾಜಿನ ದುರ್ಬೀನು ಬೇಕು, ಬೆಳಕು ಹೆಚ್ಚು ಹಿಡಿಯುತ್ತದೆ. ಅಂಥದ್ದನ್ನೇ ಮುಂದಿಟ್ಟೆ. ಕಾಕಾ ಅದನ್ನು ಕಣ್ಣಿಗೆ ಹಿಡಿದು, "ಇದರಾಗ ನೋಡಿದ್ರ ಕೂಡಲಸಂಗಮದಾಗ ಯಾರ್ ಜಳಕಾ ಮಾಡಾಕತ್ತಾರ ಅದೂ ಕಾಣ್ತೈತಿ ನೋಡ್ರಿ," ಅಂದ.

"ಬ್ಯಾಡ್ರಿ, ಭಾಳ ಉದ್ದ. ಬಾಗಲದಾಗ ಎತ್ತಾಕ ಬರೂದಿಲ್ಲ. ಸಣ್ಣದು ಕೊಡ್ರಿ. ಬೆಳಕಿನ್ಯಾಗ ಮುಖ ಕಂಡ್ರ ಸಾಕು."

ಮುಖ ಅಂದಳು. ನಾನು ಗೇಣುದ್ದದ, ನಾಲ್ಕು ಪಟ್ಟು ಹತ್ತಿರ ತೋರಿಸುವ ಸಣ್ಣ ದುರ್ಬೀನು ಕೊಟ್ಟೆ. ಬೀದಿಯಾಚೆ ಚಹಾ ಸೋಸುತ್ತಿದ್ದವನ ಮೇಲೆ ಹಿಡಿದು ನೋಡಿ, "ಮೀಸಿ ಬಿಳಿ ಆಗ್ಯಾವ ಪಾಪ," ಅಂದಳು. ಅದನ್ನೇ ಆರಿಸಿದಳು.

"ಎಷ್ಟು ದೂರಕ್ಕ ಹೊಂದಸ್ಲಿ ಅಕ್ಕಾರ?"

"ಎಂಬತ್ನಾಲ್ಕು ಹೆಜ್ಜಿ."

ಯಾರೂ ಹಾಗೆ ಹೇಳುವುದಿಲ್ಲ. ಐವತ್ತು ಮೀಟರ್ ಅನ್ನುತ್ತಾರೆ, ಕವಣಿ ಕಲ್ಲಿನಷ್ಟು ದೂರ ಅನ್ನುತ್ತಾರೆ. ನಾನು ಅವಳನ್ನು ಅಂಗಡಿಯ ಮುಂದೆ ಹತ್ತು ಹೆಜ್ಜೆ ನಡೆಸಿ ಟೇಪು ಹಿಡಿದೆ. ಆರು ಮೀಟರ್ ತೊಂಬತ್ತು ಸೆಂಟಿಮೀಟರ್. ಎಂಬತ್ನಾಲ್ಕು ಹೆಜ್ಜೆಗೆ ಐವತ್ತೆಂಟು ಮೀಟರ್.

*

ಒಂದು ರವಿವಾರ ಪರವಾನಿಗೆ ಪಡೆದು ಪೊಲೀಸ್ ಫೈರಿಂಗ್ ಮೈದಾನಕ್ಕೆ ಕರೆದುಕೊಂಡು ಹೋದೆ. ಹತ್ತು ತೋಟಾ ತಂದಿದ್ದಳು. ಮಣ್ಣಿನ ದಿಬ್ಬಕ್ಕೆ ಬಿಳಿ ಕಾಗದ ಚುಚ್ಚಿದೆ, ನೆಲದಿಂದ ಎರಡು ಅಡಿ ಎತ್ತರಕ್ಕೆ. ಹಂದಿಯ ಪಕ್ಕೆ ಅಷ್ಟೇ ಎತ್ತರದಲ್ಲಿರುತ್ತದೆ.

"ಇನ್ನಷ್ಟು ಮ್ಯಾಲ ಕಟ್ರಿ," ಅಂದಳು. "ಇನ್ನಷ್ಟು."

ಕಾಗದ ನನ್ನ ಎದೆಯ ಮಟ್ಟಕ್ಕೆ ಬಂದಾಗ, "ಸಾಕು," ಅಂದಳು.

ಮೊದಲ ಗುಂಡಿಗೆ ಬಂದೂಕು ಹಿಂದಕ್ಕೆ ಒದ್ದು, ದುರ್ಬೀನಿನ ಅಂಚು ಅವಳ ಹುಬ್ಬಿಗೆ ಹೊಡೆಯಿತು. ತಪ್ಪು ನನ್ನದು. ಕುಂದಾ ಗಿಡ್ಡ ಮಾಡಿದ ಮೇಲೆ ದುರ್ಬೀನನ್ನೂ ಒಂದು ಬೆರಳಷ್ಟು ಮುಂದಕ್ಕೆ ಸರಿಸಬೇಕಿತ್ತು. ಹುಬ್ಬಿನ ಮೇಲೆ ಅರ್ಧಚಂದ್ರದಂತೆ ಚರ್ಮ ಸೀಳಿ, ರಕ್ತ ಕಣ್ಣಿನೊಳಗೆ ಇಳಿಯಿತು. ನಾನು ಗಾಬರಿಯಾದೆ. ಅವಳು ಸೆರಗಿನಿಂದ ಒತ್ತಿ ಒರೆಸಿ, ಸನ್ನೆ ಎಳೆದು, ಖಾಲಿ ಕೊಳವೆ ತೆಗೆದು, ಇನ್ನೊಂದು ತೋಟಾ ಹಾಕಿದಳು. ಒಂದೇ ಕಣ್ಣು ಬೇಕಲ್ಲ, ಅಂದಳು. ಏಳನೆಯ ಗುಂಡಿನ ಹೊತ್ತಿಗೆ ಮೂರು ರಂಧ್ರಗಳು ಒಂದು ಅಂಗೈಯಗಲದೊಳಗೆ ಬಿದ್ದವು, ಕಾಗದದ ನಟ್ಟ ನಡುವೆ.

"ಬಸ್ಸಿನ ಕುಲುಕಾಟಕ್ಕ ಇದು ಸರೀಬಹುದು," ಅಂತ ಹೇಳಿಕೊಟ್ಟೆ. "ಮನಿಗೆ ಹೋದ ಮ್ಯಾಲೆ ಒಂದು ಗುಂಡು ಹಾರಿಸಿ ನೋಡ್ರಿ."

"ನೀವು ಹೊಂದಿಸಿದ್ದು. ನಾ ಏನ ನೋಡ್ಲಿ?"

ವಾಪಸು ಬರುವ ದಾರಿಯಲ್ಲಿ ಲೆಕ್ಕ ಹಾಕುತ್ತ ಬಂದೆ. ಹಗಲು. ಮುಖ. ಎದೆಯೆತ್ತರ. ಒಂದು ನಿರ್ದಿಷ್ಟ ಜಾಗದಿಂದ ಇನ್ನೊಂದು ನಿರ್ದಿಷ್ಟ ಜಾಗಕ್ಕೆ ಅಳೆದ ದೂರ. ಹಂದಿ ಅಳೆದ ಜಾಗಕ್ಕೆ ಬಂದು ನಿಲ್ಲುವುದಿಲ್ಲ. ಇವಳು ಹೊಳಬಸಪ್ಪನ ಪಂಪಿನ ಮನೆಯ ಬಾಗಿಲಿಗೋ, ಕಟ್ಟೆಗೋ ಹೆಜ್ಜೆ ಎಣಿಸಿಟ್ಟಿದ್ದಾಳೆ. ಒಂದು ಬೆಳಿಗ್ಗೆ ಅವನು ಹಲ್ಲುಜ್ಜುತ್ತ ನಿಂತಾಗ ಹೊಡೆಯುತ್ತಾಳೆ. ಆಮೇಲೆ ಗಲ್ಲು ಅಥವಾ ಜೀವಾವಧಿ. ನಾಲ್ಕು ಆಧಾರಗಳಿಂದ ಒಂದೇ ನಿರ್ಣಯ ಬರುತ್ತಿತ್ತು, ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ.

ಅಂಗಡಿಯಲ್ಲಿ, ನಳಿಗೆ ಒರೆಸಿ ಕೊಡುತ್ತೇನೆಂದು ಹೇಳಿ ಬಂದೂಕನ್ನು ಒಳಕೋಣೆಗೆ ಒಯ್ದೆ. ಅವಳು ಹೊರಗೆ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ದುರ್ಬೀನಿನ ಮೇಲಿನ ಟೋಪಿ ಬಿಚ್ಚಿದೆ. ಒಳಗೆ ಎತ್ತರ ಹೊಂದಿಸುವ ತಿರುಪು ಇರುತ್ತದೆ, ಒಂದೊಂದು ಟಿಕ್ಕಿಗೆ ಐವತ್ತೆಂಟು ಮೀಟರಿನಲ್ಲಿ ಗುಂಡು ನಾಲ್ಕು ಮಿಲಿಮೀಟರಿಗಿಂತ ತುಸು ಹೆಚ್ಚು ಏರುತ್ತದೆ. ಒಂದು ಸುತ್ತಿಗೆ ಅರವತ್ತು ಟಿಕ್ಕು. ಎರಡು ಸುತ್ತು ತಿರುಗಿಸಿದೆ. ಅರ್ಧ ಮೀಟರ್. ಎದೆಗೆ ಗುರಿ ಹಿಡಿದರೆ ಗುಂಡು ತಲೆಯ ಮೇಲಿಂದ ಹೋಗಬೇಕು.

ಕಾಕಾ ಕಬ್ಬಿಣ ಉಜ್ಜುತ್ತಿದ್ದ ಅರವನ್ನು ಕೆಳಗಿಟ್ಟ. "ಹೊಂದಿಸಿ ತಂದೀನಿ ಅಂದಿ. ಮತ್ತ ಇದೇನ ಟಿಕ್ ಟಿಕ್?"

"ಸ್ವಲ್ಪ ಬಾಕಿ ಇತ್ತು ಕಾಕಾ."

"ನಾಗಲಿಂಗ, ನಿಮ್ಮಪ್ಪನ ಕೈಯಾಗ ಮೂವತ್ತ ವರ್ಷ ಕೆಲಸ ಮಾಡೇನಿ. ಸ್ವಲ್ಪ ಅಂದ್ರ ನಾಕ್ ಟಿಕ್." ಅರ ಎತ್ತಿಕೊಂಡ. "ಬಂದೂಕು ಕೆಟ್ಟಿದ್ರ ರಿಪೇರಿ ಮಾಡು. ಮಂದೀನ ರಿಪೇರಿ ಮಾಡಾಕ ಹೋಗಬ್ಯಾಡ."

ಟೋಪಿ ಮುಚ್ಚಿದೆ. ಹೊರಗೆ ಬಂದು ಬಂದೂಕು ಕೊಟ್ಟೆ. ಹಳೆಯ ಕುಂದಾದ ಮೂರು ತುಂಡುಗಳನ್ನು ಅವಳು ಬೇರೆ ಅರಿವೆಯಲ್ಲಿ ಕಟ್ಟಿಕೊಂಡಳು. ಉಳಿದ ಮೂರು ತೋಟಾಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

*

ಐದು ತಿಂಗಳ ಮೇಲೆ ಒಂದು ಬೆಳಿಗ್ಗೆ ಕಾಕಾ ಅವಳ ಊರಿನ ಸುದ್ದಿ ಇದ್ದ ಪೇಪರ್ ನನ್ನ ಮುಂದೆ ಇಟ್ಟು ಒಳಗೆ ಹೋದ. ಆಮೇಲೆ ಬಾದಾಮಿಯಿಂದ ಪೊಲೀಸರು ರಿಪೇರಿಯ ರಜಿಸ್ಟರ್ ನೋಡಲು ಬಂದರು. ನಡೆದದ್ದನ್ನು ಅವರಿಂದ ಒಂದಷ್ಟು, ಮುಂದೆ ಅವಳಿಂದ ಉಳಿದಷ್ಟು ಕೇಳಿದೆ.

ಹೊಳಬಸಪ್ಪ ಖುಲಾಸೆಯಾಗಿ ಬಂದಾಗಿನಿಂದ ಅವಳ ಹಿತ್ತಲಿನ ಪಾಪಸಕಳ್ಳಿ ಬೇಲಿಯ ಸಂದಿಯಲ್ಲಿ ಬಂದು ನಿಲ್ಲುತ್ತಿದ್ದ. ಮೂರು ಸಲ ಕೊಡಲಿ ಹಿಡಿದು ನಿಂತಿದ್ದ. "ನಿನ್ನ ಗಂಡಗ ಬಂದೂಕ, ನಿನಗ ಕೊಡ್ಲಿ," ಅಂದಿದ್ದ. ಅವಳು ಠಾಣೆಗೆ ಎರಡು ಅರ್ಜಿ ಕೊಟ್ಟಿದ್ದಳು. ಬೇಲಿಯ ಸಂದಿಯಿಂದ ಅವಳ ಹೊಸ್ತಿಲಿಗೆ ಎಂಬತ್ನಾಲ್ಕು ಹೆಜ್ಜೆ.

ಅಂದು ಬೆಳಗಿನ ಆರೂವರೆ. ಸಗಣಿ ಬಳಿದು ಕೈ ತೊಳೆಯುತ್ತಿದ್ದಾಗ ಸಂದಿಯಲ್ಲಿ ಆಳು ಕಂಡಿತು. ಬಂದೂಕು ಬಾಗಿಲ ಹಿಂದೆಯೇ ಇತ್ತು, ತೋಟಾ ಹಾಕಿಯೇ ಇತ್ತು. ಹೊಸ್ತಿಲ ಮೇಲೆ ಕೂತು, ನಾನು ಕಲಿಸಿದಂತೆ ಮೊಣಕಾಲಿನ ಮೇಲೆ ಆನಿಸಿ ದುರ್ಬೀನಿನಲ್ಲಿ ನೋಡಿದಳು. ಹೊಳಬಸಪ್ಪನಿಗೊಬ್ಬ ತಮ್ಮನಿದ್ದ, ಅದೇ ಎತ್ತರ, ಅದೇ ನಡಿಗೆ. ಅವನು ಇವಳನ್ನು ವೈನಿ ಅನ್ನುತ್ತಿದ್ದ, ಅಣ್ಣನಿಗೆ ಕಾಣದಂತೆ ಹಾಲು ತಂದು ಕೊಡುತ್ತಿದ್ದ, ಅದೇ ಸಂದಿಯಿಂದ ಬರುತ್ತಿದ್ದ. ಅವನಿಗೆ ಗುಂಡು ಬೀಳಬಾರದೆಂದು ಅವಳಿಗೆ ದುರ್ಬೀನು ಬೇಕಾಗಿತ್ತು. ಕಂಡ ಮುಖ ತಮ್ಮನದಾಗಿರಲಿಲ್ಲ. ಆದರೂ ಹಾರಿಸಲಿಲ್ಲ. ಹೊಳಬಸಪ್ಪ ಸಂದಿ ದಾಟಿ ಒಳಗೆ ಕಾಲಿಟ್ಟು ಕೊಡಲಿ ಎತ್ತುವವರೆಗೆ ಕಾದಳು. ಅಂಗಿಯ ಎರಡನೆಯ ಗುಂಡಿಯ ಮೇಲೆ ದುರ್ಬೀನಿನೊಳಗಿನ ಗೆರೆ ಕೂಡಿಸಿ ಕುದುರೆ ಎಳೆದಳು.

ಅವನ ಹಿಂದಿನ ಬೇವಿನ ಗಿಡದ ಕೊಂಬೆಯೊಂದು ಮುರಿದು ಜೋತುಬಿದ್ದಿತು.

ಹೊಳಬಸಪ್ಪ ಎದೆ ಮುಟ್ಟಿಕೊಂಡ. ಅಂಗೈ ನೋಡಿಕೊಂಡ. "ನಿನ್ನ ಗಂಡಂದು ಗುರಿನ ಇಲ್ಲದ ಬಂದೂಕ ನೋಡಬೇ!" ಅಂತ ನಕ್ಕು ಓಡಿಬಂದ.

ಐವತ್ತೆಂಟು ಮೀಟರ್. ನಲವತ್ತೆಂಟು ವರ್ಷದ ಆಳು ಹೆಂಟೆಯ ನೆಲದಲ್ಲಿ ಓಡಿದರೆ ಹದಿಮೂರು, ಹದಿನಾಲ್ಕು ಸೆಕೆಂಡು. ಸನ್ನೆ ಎಳೆದು ಇನ್ನೊಂದು ತೋಟಾ ಹಾಕಲು ಆರು ಸೆಕೆಂಡು ಸಾಕು, ತೋಟಾ ಕೈಯಲ್ಲಿದ್ದರೆ. ಅದು ಸೆರಗಿನ ಗಂಟಿನಲ್ಲಿತ್ತು. ಒದ್ದೆ ಕೈಗೆ ಗಂಟು ಬಿಗಿಯಿತು. ಹಲ್ಲಿನಿಂದ ಎಳೆದಳು. ತೋಟಾ ಜಾರಿ ಕಲ್ಲಿನ ಮೇಲೆ ಉರುಳಿ ಹೋಯಿತು.

ಕೊಡಲಿ ಇಳಿದಾಗ ಎರಡೂ ಕೈಯಿಂದ ಬಂದೂಕನ್ನು ಅಡ್ಡ ಹಿಡಿದಳು. ಎಡಗೈ ಮುಂದಿನ ಪಟ್ಟಿಯ ಮೇಲಿತ್ತು. ಕೊಡಲಿ ಮೂರು ಬೆರಳುಗಳನ್ನು ದಾಟಿ ಜಾಲಿಯೊಳಗೆ ನಟ್ಟಿತು. ಬೆರಳುಗಳು ಹೊಸ್ತಿಲ ಮೇಲೆ ಬಿದ್ದವು. ಬೇರೆ ಮರವಾಗಿದ್ದರೆ ಸೀಳಿ ಹೋಗಿ ಕೊಡಲಿ ಮುಖಕ್ಕೆ ಬರುತ್ತಿತ್ತು. ಜಾಲಿ ಸೀಳಲಿಲ್ಲ, ಕೊಡಲಿಯ ಬಾಯನ್ನು ಕಚ್ಚಿ ಹಿಡಿಯಿತು. ಅವನು ಎಳೆದ, ಬರಲಿಲ್ಲ. ಮತ್ತೆ ಎಳೆದ. ಅವಳು ಬಂದೂಕನ್ನು ಮೈಭಾರ ಹಾಕಿ ಹೊರಳಿಸಿದಳು, ಕೊಡಲಿಯ ಕಾವು ಅವನ ಕೈಯಿಂದ ಕಿತ್ತುಕೊಂಡಿತು, ಅವನು ಮುಗ್ಗರಿಸಿ ಕಟ್ಟೆಗೆ ಹಣೆ ಹೊಡೆದುಕೊಂಡು ಮೊಣಕಾಲೂರಿದ.

ಅವಳು ಕೊಡಲಿ ನಟ್ಟಿದ್ದಂತೆಯೇ ಬಂದೂಕು ತಿರುಗಿಸಿ, ಬಲಗೈಯಲ್ಲಿ ನಳಿಗೆ ಹಿಡಿದು ಕುಂದಾ ಬೀಸಿದಳು. ಮೊದಲನೆಯದು ದವಡೆಗೆ. ಹಲ್ಲು ಉದುರಿ ಸದ್ದಾಯಿತು. ಎರಡನೆಯದನ್ನು ತಡೆಯಲು ಎತ್ತಿದ ಅವನ ಮುಂಗೈ ಮುರಿಯಿತು. ಮೂರನೆಯದು ಕಿವಿಯ ಮೇಲೆ. ಅವನು ಬಿದ್ದ, ಬಿದ್ದವನು ಅವಳ ಕಾಲು ಹಿಡಿದ. ಬೇಡುವುದಕ್ಕೋ ಕೆಡವುವುದಕ್ಕೋ ಅವಳಿಗೆ ತಿಳಿಯಲಿಲ್ಲ. ನಾಲ್ಕನೆಯದಕ್ಕೆ ಅವನ ಕೈ ಸಡಿಲಾಯಿತು. ಐದನೆಯದು ಬೇಕಾಗಿರಲಿಲ್ಲ, ಅವನ ಉಸಿರು ಆಗಲೇ ನಿಂತಿತ್ತು ಅಂತ ಅವಳೇ ಹೇಳಿದಳು. ತನ್ನ ಕೈ ನಿಲ್ಲಲಿಲ್ಲವಂತೆ.

ಕುಂದಾಕ್ಕೆ ಒಂದು ಗೀರೂ ಬಿದ್ದಿರಲಿಲ್ಲ ಅಂದ ಫೌಜದಾರ, ಮೆಚ್ಚುಗೆಯಿಂದಲೋ ಏನೋ. "ಯಾವ ಕಟ್ಟಿಗಿರೀ ಇದು?"

"ಜಾಲಿ."

"ದುರ್ಬೀನ ಸರಿ ಇತ್ತಲ್ಲ?"

ಕಾಕಾ ಅರ ಉಜ್ಜುವುದನ್ನು ನಿಲ್ಲಿಸಿದ.

"ಸರಿ ಇತ್ತು," ಅಂದೆ. ರಜಿಸ್ಟರಿನ ಕೆಳಗೆ ಸಹಿ ಮಾಡಿದೆ.

*

ಜಾಮೀನಿನ ಮೇಲೆ ಹೊರಬಂದು ಎರಡು ತಿಂಗಳಿಗೆ ಅವಳು ಅಂಗಡಿಗೆ ಬಂದಳು. ಇಳಕಲ್ಲಿನ ಅಣ್ಣನ ಮನೆಯಲ್ಲಿದ್ದು ಗಾಯ ಮಾಯಿಸಿಕೊಂಡು ಊರಿಗೆ ಮರಳಿದ್ದಳು. ಎಡಗೈ ಸೆರಗಿನೊಳಗಿತ್ತು. ಹುಬ್ಬಿನ ಮೇಲೆ ಅರ್ಧಚಂದ್ರದ ಕಲೆ ಬೆಳ್ಳಗಾಗಿತ್ತು.

ಈ ಸಲ ಕುರ್ಚಿಯಲ್ಲಿ ಕೂತಳು. "ವಕೀಲರು ಖುಷಿಯಾಗ್ಯಾರ. ಮೊದಲ ತೆಲಿ ಮ್ಯಾಲ ಹಾರಿಸಿ ಹೆದರಸಿದ್ಲು, ಆದ್ರೂ ಅಂವ ಮೈಮ್ಯಾಲ ಬಂದ, ಅದಕ್ಕ ಜೀವ ಉಳಿಸಿಕೊಳ್ಳಾಕ ಹೊಡದ್ಲು ಅಂತ ಬರದಾರ. ಕೊಂಬಿ ಮುರದಿದ್ದು ಭಾಳ ಛಲೋ ಆತು ಅಂತಾರ." ನನ್ನನ್ನು ನೋಡಿದಳು. "ನಾ ತೆಲಿ ಮ್ಯಾಲ ಹಾರಿಸಿಲ್ರಿ. ಗುಂಡಿ ಮ್ಯಾಲ ಹಿಡದಿದ್ದೆ. ಎರಡನೇ ಗುಂಡಿ. ನನ್ನ ಕೈ ನಡುಗಲಿಲ್ಲ. ಬಸ್ಸಿನ್ಯಾಗ ಸರೀತೇನ್ರಿ ಅದು?"

ಹೌದು ಅನ್ನಬಹುದಿತ್ತು. ಅವಳೇ ಉತ್ತರ ಕೊಟ್ಟಿದ್ದಳು.

"ಬಸ್ಸಿನ್ಯಾಗ ಅಲ್ಲ ಅಕ್ಕಾರ. ನಾ ಸರಿಸಿದೆ."

"ಯಾವಾಗ?"

"ನೀವು ಚಹಾ ಕುಡಿಯಾಕತ್ತಿದ್ರಿ. ಒಳಗ."

"ಎಷ್ಟು?"

"ಎರಡು ಸುತ್ತು. ನೀವು ಅವನ್ನ ಕೊಲ್ಲಾಕ ಹೊಂಟೀರಿ ಅಂತ ತಿಳದೆ. ನೀವು ಜೈಲಿಗೆ ಹೋಗಬಾರದು ಅಂತ..."

"ಕೊಲ್ಲಾಕ." ಆ ಮಾತನ್ನು ನಾಲಿಗೆಯ ಮೇಲಿಟ್ಟು ನೋಡುವವಳಂತೆ ಅಂದಳು. "ಒಂದ ಗುಂಡು. ಅಲ್ಲೇ ಬೇಲಿ ಹತ್ರ ಬೀಳತಿದ್ದ. ಅವನ ಹಲ್ಲು ನನ್ನ ಹೊಸ್ತಿಲ ಮ್ಯಾಲ ಬೀಳತಿದ್ದಿಲ್ಲ. ಐದ ಸಲ, ಅಣ್ಣಾರ. ನನ್ನ ಗಂಡಗ ಅಂವ ಹೊಡದಿದ್ದು ಮೂರ ಸಲ. ನಾ ಐದ ಸಲ ಹೊಡದೆ."

ಒಳಗಿನಿಂದ ಕಾಕಾ ಬಂದು ಬಾಗಿಲಲ್ಲಿ ನಿಂತ.

"ಯಾಕ ಬೇಕು ಅಂತ ನೀವು ಕೇಳಲಿಲ್ಲ," ಅಂದಳು.

"ಕೇಳಿದ್ರ ಹಂದಿಗೆ ಅಂತಿದ್ರಿ. ಲೈಸೆನ್ಸಿನ್ಯಾಗ ಹಂಗ ಐತಿ."

"ಎರಡನೇ ಸಲ ಕೇಳಿದ್ರ ಖರೆ ಹೇಳ್ತಿದ್ದೆ."

ನಾನು ಫೌಜದಾರರ ಹತ್ತಿರ ಹೋಗಿ ಎಲ್ಲ ಹೇಳುತ್ತೇನೆ ಅಂದೆ. ಬರೆದೂ ಕೊಡುತ್ತೇನೆ. ಅವಳು ತಲೆ ಅಲ್ಲಾಡಿಸಿದಳು.

"ಹೇಳಿದ್ರ ನಿಮ್ಮ ಅಂಗಡಿಗೆ ಬೀಗ. ನಾ ಎದಿಗೇ ಹಿಡದಿದ್ದೆ ಅಂತ ಆಗ್ತೈತಿ, ವಕೀಲರು ಬರದಿದ್ದೆಲ್ಲ ಹಾಳು. ಸುಮ್ನ ಇರ್ರಿ. ಹಳೇ ಕಟ್ಟಿಗಿ ನೋಡಿ ಸುಮ್ನ ಇದ್ರಲ್ಲ, ಹಂಗ. ಸುಮ್ನ ಇರೂದು ನಿಮಗ ಬರ್ತೈತಿ."

ಕಾಕಾ ಬಾಗಿಲಿನಿಂದ ಒಳಗೆ ಹೋದ.

ಅವಳು ಸೆರಗಿನಿಂದ ಎಡಗೈ ಹೊರತೆಗೆದು ಮೇಜಿನ ಮೇಲೆ, ಅಂಗೈ ಮೇಲಾಗಿ ಇಟ್ಟಳು. ಹೆಬ್ಬೆರಳು ಮತ್ತು ತೋರುಬೆರಳು ಇದ್ದವು. ಉಳಿದ ಕಡೆ ಮಾಂಸ ಗುಲಾಬಿ ಬಣ್ಣಕ್ಕೆ ಮಾಯ್ದು, ಹೊಲಿಗೆಯ ಗುರುತು ಸಾಲಾಗಿ ಕಾಣುತ್ತಿತ್ತು.

"ಅಳತಿ ತಗೋರಿ."

"ಅಕ್ಕಾರ, ಬಂದೂಕು ಕೋರ್ಟಿನ್ಯಾಗ ಐತಿ."

"ಹೋದ ಸಲ ನಾಕ ವರ್ಷಕ್ಕ ಬಂತು. ಈ ಸಲಾನೂ ಬರಲಿ, ಬರದ ಇರಲಿ. ಬೇಲಿ ಸಂದಿನ್ಯಾಗ ಈಗ ಅವನ ತಮ್ಮ ನಿಂದ್ರತಾನ. ವೈನಿ ಅನ್ನೂದು ಬಿಟ್ಟಾನ. ಮೊನ್ನೆ ಕೈಯಾಗ ಅಂಥಾದ ಕೊಡ್ಲಿ ಇತ್ತು, ಕಾವು ಅಷ್ಟ ಹೊಸಾದು."

"ನೀವು ಇಳಕಲ್ಲಿನ್ಯಾಗ ಇರಬಹುದಲ್ಲ?"

"ಹೊಲ ಯಾರ ನೋಡ್ತಾರು? ನೀವ?"

ಡ್ರಾವರ್ ಎಳೆದು ಅವಳ ಕಾರ್ಡು ತೆಗೆದೆ. ಹನ್ನೆರಡೂಕಾಲು ಇಂಚು ಅಂತ ನನ್ನ ಅಕ್ಷರದಲ್ಲಿತ್ತು. ಬಲಗೈಯ ಅಳತೆ, ಅದು ಬದಲಾಗಿರಲಿಲ್ಲ. ಟೇಪು ತೆಗೆದು ಹೆಬ್ಬೆರಳಿನ ಬುಡದಿಂದ ತೋರುಬೆರಳಿನ ತುದಿಯವರೆಗೆ ಹಿಡಿದೆ. ಮಾಯ್ದ ಜಾಗಕ್ಕೆ ಲೋಹದ ತುದಿ ತಾಗಿದಾಗ ಅವಳು ಹಲ್ಲು ಕಚ್ಚಿದಳು, ಕೈ ಹಿಂದಕ್ಕೆ ಎಳೆಯಲಿಲ್ಲ. ಎರಡು ಬೆರಳಿನ ಹಿಡಿತಕ್ಕೆ ಪಟ್ಟಿ ಸಪೂರವಾಗಬೇಕು, ಕೆಳಗೊಂದು ಗೂಟ ಬೇಕು, ಇಲ್ಲದಿದ್ದರೆ ಭಾರ ನಿಲ್ಲುವುದಿಲ್ಲ. ಒಂದೊಂದೇ ಬರೆದೆ.

"ಕಟ್ಟಿಗಿ?" ಅಂದೆ.

"ಅದ."

"ದುರ್ಬೀನು?"

ಅವಳು ಕೈ ಸೆರಗಿನೊಳಗೆ ತೆಗೆದುಕೊಂಡು ಎದ್ದಳು.

"ಅದೂ ಅದ. ಈ ಸಲ ನನ್ನ ಮುಂದ ಹೊಂದಸ್ರಿ. ಟೋಪಿ ನಾನ ಮುಚ್ಚತೇನಿ." ಬಾಗಿಲಲ್ಲಿ ತಿರುಗಿದಳು. "ಎಂಬತ್ನಾಲ್ಕು ಹೆಜ್ಜಿ. ಬರಕೊಂಡೀರಿಲ್ಲೋ?"

ಬರೆದುಕೊಂಡೆ.